ತೌನೋ ಹಿಂದಕ್ಕೆ ಬರದ ಆ ಒಂದು ಸಲ

ಲಾರ್ಚ್ ಕ್ರೀಕ್ ಎಂಬ ನಮ್ಮೂರಿನ ಐಸ್ ಹಾಕಿ ರಿಂಕಿನಲ್ಲಿ ಕ್ಯಾಂಟೀನು ನಡೆಸಿದವಳು ನಾನು. ಆಲೂಗಡ್ಡೆ ಕರಿದು, ಕಾಫಿ ಬಗ್ಗಿಸಿ, ಊರಿನವರ ಬಾಯಿಗೆ ಬಾಯಿ ಕೊಟ್ಟೇ ಮುದುಕಿಯಾದೆ. ನನ್ನ ಕೌಂಟರಿನ ಹಿಂದೆ ಒಂದು ಕಿಟಕಿಯಿತ್ತು. ಕಟ್ಟಿದ ಪುಣ್ಯಾತ್ಮ ಅದನ್ನು ಯಾವ ಲೆಕ್ಕದಲ್ಲಿ ಇಟ್ಟನೋ, ಅದರಿಂದ ರಿಂಕಿನ ಅರ್ಧವಷ್ಟೇ ಕಾಣುತ್ತಿತ್ತು. ಆಟದ ಮೂರು ಅವಧಿಗಳಲ್ಲಿ ಮೊದಲನೆಯದರಲ್ಲೂ ಕೊನೆಯದರಲ್ಲೂ ನಮ್ಮ ತಂಡ ಕಾಯಬೇಕಾದ ಗೋಲು ಆ ಅರ್ಧದಲ್ಲಿರುತ್ತಿತ್ತು. ನಡುವಿನ ಅವಧಿಯಲ್ಲಿ ಕಡೆ ಬದಲಾಗುತ್ತಿತ್ತು, ನಿಜ. ಆದರೆ ಅದರ ಹಿಂದಿನ ಮುಂದಿನ ವಿರಾಮಗಳಿಗೆ ಊರೆಲ್ಲ ಹಸಿದು ಬಂದು ಮೇಲೆ ಬೀಳುವುದರಿಂದ ಆ ಹೊತ್ತಿನಲ್ಲಿ ನಾನು ಬಾಣಲೆಯ ಮುಂದೆ ಬೆವರುತ್ತಿರುತ್ತಿದ್ದೆ. ಹಾಗಾಗಿ ನಮ್ಮವರು ಹೊಡೆದ ಗೋಲುಗಳನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆಚೆ ತುದಿಯಲ್ಲಿ ತಗಡಿನ ಚಾವಣಿ ಹಾರಿಹೋಗುವಂತೆ ಜನ ಅರಚಿದರೆ, ಸರಿ, ಒಂದು ಬಿತ್ತು ಅಂದುಕೊಳ್ಳುತ್ತಿದ್ದೆ.

ತೌನೋ ಪೆರಾಲನನ್ನು ನಾನು ತಿಳಿದದ್ದು ಈ ಅರ್ಧ ಕಿಟಕಿಯಿಂದಲೇ. ಊರು ಅವನನ್ನು ಗೋಲು ಹೊಡೆಯುವವನು ಎಂದು ಹೊತ್ತು ಕುಣಿಯಿತು. ನನಗೆ ಕಂಡ ತೌನೋ ಬೇರೆ.

ಅವನು ಎಡಗಡೆಯ ಫಾರ್ವರ್ಡ್. ಹಗಲು ಪೇಪರ್ ಮಿಲ್ಲಿನಲ್ಲಿ ಮರದ ದಿಮ್ಮಿಗಳ ತೊಗಟೆ ತೆಗೆಯುವ ಕೆಲಸ, ಸಂಜೆ ಐಸ್ ಹಾಕಿ ಆಟ. ಮಿಲ್ಲಿನ ತಂಡದಲ್ಲಿ ಎಲ್ಲರೂ ಹಾಗೇ, ಕೂಲಿ ಮಾಡಿ ಬಂದು ಆಡುವವರು. ಮುಂದೆ ನುಗ್ಗಿ ಆಡುವ ಹುಡುಗರಿಗೆ ಒಂದು ಚಾಳಿಯಿರುತ್ತದೆ. ಚೆಂಡಿನ ಬದಲು ಆಡುವ ಆ ರಬ್ಬರ್ ಬಿಲ್ಲೆ, ಪಕ್, ಕೈತಪ್ಪಿ ಎದುರಾಳಿಗಳು ನಮ್ಮ ಕಡೆ ನುಗ್ಗಿದರೆ ಇವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಡು ಗೆರೆಯ ಹತ್ತಿರ ಆರಾಮಾಗಿ ತೇಲುತ್ತಿರುತ್ತಾರೆ. ಹಿಂದೆ ಡಿಫೆನ್ಸಿನವರು ಒದ್ದಾಡಿ ಪಕ್ ಬಿಡಿಸಿ ಕಳಿಸಿದರೆ ಸಾಕು, ಎದುರಿಗೆ ಯಾರೂ ಇಲ್ಲ, ಒಬ್ಬನೇ ಹೋಗಿ ಗೋಲು ಹೊಡೆದು ಹೆಸರು ಮಾಡಬಹುದು. ನಮ್ಮೂರಿನಲ್ಲಿ ಅಂಥವನನ್ನು ಬಸ್ಸಿಗೆ ಕಾಯುವವನು ಅನ್ನುತ್ತೇವೆ. "ಏನೋ, ಬಸ್ಸು ಬಂತಾ?" ಅಂತ ಮೇಲಿನ ಬೆಂಚಿನಿಂದ ಕೂಗು ಬಿತ್ತು ಅಂದರೆ ಆ ಹುಡುಗನ ಮಾನ ಹೋಯಿತು ಅಂತಲೇ ಲೆಕ್ಕ. ಗೋಲು ಬಿದ್ದುಬಿಟ್ಟರೆ ಮಾತ್ರ ಕೂಗಿದವರೇ ಎದ್ದು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಜನರ ಮಾನ ಮರ್ಯಾದೆಯೆಲ್ಲ ಅಷ್ಟರಲ್ಲೇ ಇತ್ತು.

ತೌನೋ ಬಸ್ಸಿಗೆ ಕಾದವನಲ್ಲ. ಪಕ್ ಕಳೆದ ಮರುಕ್ಷಣ ತಿರುಗಿ ನಮ್ಮ ಗೋಲಿನ ಕಡೆ ಓಡುತ್ತಿದ್ದ. ಎದುರಾಳಿ ಇನ್ನೇನು ಹೊಡೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಬಂದು ಅವನ ಸ್ಟಿಕ್ಕನ್ನು ಅಡಿಯಿಂದ ಸ್ವಲ್ಪ ಎತ್ತಿ, ಪಕ್ ಎಗರಿಸಿಕೊಂಡು ಹೋಗಿಬಿಟ್ಟಿರುತ್ತಿದ್ದ. ಕಳೆದುಕೊಂಡವನು ಗಾಳಿಗೆ ಹೊಡೆದು ಸುತ್ತಮುತ್ತ ನೋಡಬೇಕು. ಯಾರನ್ನೂ ಕೆಡವುತ್ತಿರಲಿಲ್ಲ, ಸದ್ದೂ ಮಾಡುತ್ತಿರಲಿಲ್ಲ. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವಾಗ ನಾನು ಅದನ್ನು ನೋಡಿ ಒಬ್ಬಳೇ ನಗುತ್ತಿದ್ದೆ. ಬೆಂಚಿನ ಮೇಲಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಪಕ್ ಎಲ್ಲಿದೆಯೋ ಅವರ ಕಣ್ಣು ಅಲ್ಲಿ. ಬೀಳದೇ ಹೋದ ಗೋಲಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಅವನ ಬೆನ್ನ ಹಿಂದೆ ಆಡುತ್ತಿದ್ದವನು ರೊಸೇರ್ ತಿಬೋ, ಡಿಫೆನ್ಸಿನವನು. ಮಿಲ್ಲಿನಲ್ಲಿ ಕಾಗದದ ಯಂತ್ರದ ಮೇಲೆ ಕೆಲಸ. ತೌನೋನ ಪಕ್ಕದ ಮನೆಯವನು, ಶನಿವಾರ ತೌನೋನ ಹಿತ್ತಲಿನ ಸೌನಾದ ಬಿಸಿ ಹಬೆಯಲ್ಲಿ ಬೆವರು ಸುರಿಸಲು ಬರುತ್ತಿದ್ದ ಗೆಳೆಯ. ಒಬ್ಬ ಫಿನ್ನಿಶ್, ಇನ್ನೊಬ್ಬ ಫ್ರೆಂಚ್. ಇಬ್ಬರೂ ಮಾತಾಡುತ್ತಿದ್ದ ಇಂಗ್ಲಿಷ್ ಕೇಳಿದರೆ ದೇವರಿಗೇ ಪ್ರೀತಿ. ಐಸಿನ ಮೇಲೆ ಅವರಿಗೆ ಮಾತೇ ಬೇಕಾಗಿರಲಿಲ್ಲ. ಎದುರಾಳಿಗಳ ಡಿಫೆನ್ಸಿನವನು ನಮ್ಮ ಗೋಲಿನ ಕಡೆಯ ಭಾಗ ಶುರುವಾಗುವ ನೀಲಿ ಗೆರೆಯ ಹತ್ತಿರ ನಿಂತು ದೂರದಿಂದ ಬೀಸಿ ಹೊಡೆಯುತ್ತಾನಲ್ಲ, ಅವನ ಮುಂದೆ ಹೋಗಿ ನಿಲ್ಲಬೇಕಾದವನು ತೌನೋ. ಅವನು ಬಂದೇ ಬರುತ್ತಾನೆ ಅಂತ ರೊಸೇರ್ ಆ ಕಡೆ ತಿರುಗಿ ಕೂಡ ನೋಡುತ್ತಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದರ ಮಾರ್ಚಿ ತಿಂಗಳು. ಎದುರಾಳಿ ಊರು ಸೀಡರ್ ಪೋರ್ಟೇಜಿನವರ ಮೇಲೆ, ಗೆದ್ದವರಿಗೆ ಕೊಡುವ ಬೆಳ್ಳಿ ಕಪ್ಪಿಗಾಗಿ, ಕೊನೆಯ ಆಟ. ಆ ವಾರವಿಡೀ ಊರಿನಲ್ಲಿ ಒಂದೇ ಮಾತು: ಸಂಬಳ ಕೊಟ್ಟು ಆಡಿಸುವ ದೊಡ್ಡ ಲೀಗಿನಿಂದ, ಆಟಗಾರರನ್ನು ಆರಿಸುವ ಒಬ್ಬ ಮನುಷ್ಯ ತೌನೋನನ್ನು ನೋಡಲು ಬರುತ್ತಿದ್ದಾನೆ. ಕ್ಷೌರದಂಗಡಿಯಲ್ಲಿ, ಮಿಲ್ಲಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ಅವನಿಗೆ ಬುದ್ಧಿ ಹೇಳುವವರೇ. ಅವನ ಮಾವ ನನ್ನ ಕೌಂಟರಿಗೆ ಒರಗಿಕೊಂಡು ಅವನ ಮುಖಕ್ಕೇ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ನೀನು ಹಿಂದೆ ಹಿಂದೆ ಓಡೋದನ್ನ ನೋಡೋಕೆ ಅವ್ನು ರೈಲು ಹತ್ತಿ ಬರ್ತಾ ಇದಾನೇನಯ್ಯಾ? ಮುಂದೆ ನಿಂತ್ಕೋ, ಗೋಲು ಹೊಡಿ. ನನ್ನ ಮಗ್ಳು ಜೀವನ ಪೂರ್ತಿ ಮರದ ಹೊಟ್ಟು ಗುಡಿಸ್ಕೊಂಡು ಇರ್ಬೇಕಾ?"

ತೌನೋ ಕಾಫಿ ಅರ್ಧಕ್ಕೇ ಬಿಟ್ಟು ಹೋದ.

ಆ ದೊಡ್ಡ ಮನುಷ್ಯ ಬಂದಿದ್ದು ನಿಜ. ಬೂದು ಟೋಪಿ, ನೆಗಡಿಯಾದ ಮೂಗು. ಎರಡನೆಯ ವಿರಾಮದಲ್ಲಿ ನನ್ನ ಹತ್ತಿರ ಕಾಫಿ ತೆಗೆದುಕೊಂಡ. ನಾನು ಸುಮ್ಮನಿರುವವಳೇ? "ನಮ್ಮ ಹುಡುಗ ಹೇಗೆ? ಇನ್ನೂ ಗೋಲು ಹೊಡೆದಿಲ್ಲ ಅಂತ ಬೇಜಾರಾ?" ಅಂದೆ.

"ಗೋಲು ಹೊಡೆಯೋರು ಊರಿಗೊಬ್ಬ ಸಿಗ್ತಾನಮ್ಮಾ," ಅಂದ. "ಹೊಡೆಯೋಕೂ ಬಂದು, ಹಿಂದಕ್ಕೂ ಬರೋನು ಸಿಗಲ್ಲ. ಅದಕ್ಕೇ ಬಂದೆ."

ಇದನ್ನು ನಾನು ಇಂದಿಗೂ ತೌನೋಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಕೊನೆಯ ಅವಧಿ. ಎರಡೂ ಕಡೆ ಸಮ. ಆಟ ಮುಗಿಯುವ ಹೊತ್ತಿಗೆ ಸೀಡರ್ ಪೋರ್ಟೇಜಿನವರು ನಮ್ಮ ಕಡೆ ನುಗ್ಗಿ ಕೂತುಬಿಟ್ಟರು. ನನ್ನ ಕಿಟಕಿಯ ತುಂಬ ಅವರೇ. ಪಕ್ ಮೂಲೆಯಿಂದ ಹೊರಳಿ ನೀಲಿ ಗೆರೆಯ ಹತ್ತಿರ ನಿಂತಿದ್ದ ಅವರ ಡಿಫೆನ್ಸಿನ ದಾಂಡಿಗನ ಕಾಲ ಬುಡಕ್ಕೆ ಬಂತು. ಅವನು ಸ್ಟಿಕ್ಕನ್ನು ಹೆಗಲ ಮೇಲಿಂದ ಹಿಂದಕ್ಕೆ ಎತ್ತಿದ. ಅವನ ಮುಂದೆ ಯಾರೂ ಇರಲಿಲ್ಲ. ತೌನೋ ಇರಬೇಕಾದ ಜಾಗದಲ್ಲಿ ಬರೀ ಐಸು.

ರೊಸೇರ್ ಒಂದು ಸಲ ಕತ್ತು ತಿರುಗಿಸಿದ. ಆಮೇಲೆ ತನ್ನ ಜಾಗ ಬಿಟ್ಟು ಮುಂದಕ್ಕೆ ಹಾರಿ ಆ ಹೊಡೆತಕ್ಕೆ ಅಡ್ಡಬಿದ್ದ. ಆಗ ಹೆಲ್ಮೆಟ್ ಹಾಕುವವನನ್ನು ಹೆಂಗಸು ಅಂತ ಆಡಿಕೊಳ್ಳುತ್ತಿದ್ದ ಕಾಲ. ಪಕ್ ಅವನ ಮುಖಕ್ಕೆ ಬಡಿದ ಸದ್ದು ಗಾಜಿನಾಚೆಯಿಂದ ನನಗೆ ಕೇಳಿಸಿತು. ಬಡಿದ ಪಕ್ ಚಿಮ್ಮಿ ನಡು ಗೆರೆಯ ಕಡೆ, ನನ್ನ ಕಿಟಕಿಗೆ ಕಾಣದ ಕಡೆ ಹೋಯಿತು. ಒಂದೆರಡು ಉಸಿರಿನ ಹೊತ್ತು. ಆಮೇಲೆ ಚಾವಣಿ ಹಾರಿಹೋಗುವಂಥ ಅರಚಾಟ. ತೌನೋ ಒಬ್ಬನೇ ಹೋಗಿ ಗೋಲು ಹೊಡೆದಿದ್ದ. ನನ್ನ ಕಣ್ಣ ಮುಂದೆ ರೊಸೇರ್ ಮಂಡಿಯೂರಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಗ್ಲೌಸಿನ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನೋಡುವವರು ನಾನೂ ನಮ್ಮ ಗೋಲ್ ಕೀಪರೂ ಇಬ್ಬರೇ.

ರೊಸೇರನ ಎಡಗಣ್ಣು ಹೋಯಿತು. ಒಂಟಿ ಕಣ್ಣಿನವನನ್ನು ಯಂತ್ರದ ಹತ್ತಿರ ಬಿಡುವಂತಿಲ್ಲ ಎಂದು ಮಿಲ್ಲಿನವರು ಅವನನ್ನು ಗೇಟಿನ ಕಾವಲಿಗೆ ಹಾಕಿದರು. ಬೂದು ಟೋಪಿಯವನು ಯಾರ ಜೊತೆಯೂ ಮಾತಾಡದೆ ರೈಲು ಹತ್ತಿದ. ದೊಡ್ಡ ಲೀಗಿನಿಂದ ಕರೆ ಬರಲಿಲ್ಲ. ಊರು ಅದಕ್ಕೂ ಒಂದು ಕಥೆ ಕಟ್ಟಿತು: ಕರೆ ಬಂದಿತ್ತಂತೆ, ತೌನೋ ಊರು ಬಿಟ್ಟು ಬರಲ್ಲ ಅಂದನಂತೆ. ಕೇಳಿದವರಿಗೆ ತೌನೋ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನೆಲ ನೋಡುತ್ತಿದ್ದ. ಆಹಾ, ಎಂಥ ವಿನಯ ಅಂದರು ಜನ. ನನಗೆ ಮೈ ಉರಿದುಹೋಗುತ್ತಿತ್ತು.

ಆಮೇಲೂ ಅವನು ಹಲವು ವರ್ಷ ಆಡಿದ. ಗೋಲು ಹೊಡೆದದ್ದು ಅಪರೂಪ. ನಮ್ಮ ಗೋಲಿನ ಸುತ್ತ ಬಿಟ್ಟು ಅಲ್ಲಾಡಿದರೆ ತಾನೇ ಹೊಡೆಯುವುದು? ಪಕ್ ಆಚೆ ತುದಿಯಲ್ಲಿದ್ದರೂ ಇವನು ಈಚೆಗೆ ಬಂದು ನಿಂತಿರುತ್ತಿದ್ದ. ಅವನಷ್ಟು ಚೆನ್ನಾಗಿ ಕಾಯುವವನನ್ನು ನಾನು ಮತ್ತೆ ನೋಡಿಲ್ಲ. ಊರಿನವರು ಮಾತ್ರ ತಲೆಯಾಡಿಸಿದರು. "ಪಾಪ, ಕೈಚಳಕ ಹೋಯ್ತು. ಒಂದು ಕಾಲ್ದಲ್ಲಿ ಹೆಂಗಿದ್ದ!"

ಅವನಿಗೆ ನಾಚಿಕೆಯಾಗುತ್ತಿತ್ತು ಎಂಬುದು ನನಗೆ ಮಾತ್ರ ಗೊತ್ತಿತ್ತು ಅಂತ ನಾನು ಅಂದುಕೊಂಡಿದ್ದೆ. ಯಾರಾದರೂ ಆ ಗೋಲಿನ ಮಾತೆತ್ತಿದರೆ ಅವನ ಕಿವಿ ಕೆಂಪಾಗಿ, ಕೈಗೆ ಸಿಕ್ಕಿದ ಕೆಲಸ ಮಾಡತೊಡಗುತ್ತಿದ್ದ. ಟೇಬಲ್ ಒರೆಸುವುದು, ಸಕ್ಕರೆ ಡಬ್ಬಿ ಮುಚ್ಚುವುದು. ರೊಸೇರ್ ಜೊತೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋದಾಗ, ಮದುವೆ ಮನೆಯಲ್ಲಿ, ಚರ್ಚಿನಲ್ಲಿ, ಯಾವಾಗಲೂ ಅವನ ಎಡಗಡೆಗೇ ಕೂರುತ್ತಿದ್ದ, ಆ ಕಡೆಯಿಂದ ಯಾರೂ ಅವನಿಗೆ ಢಿಕ್ಕಿ ಹೊಡೆಯದ ಹಾಗೆ. ಇಬ್ಬರೂ ಅಷ್ಟು ವರ್ಷ ತಮ್ಮತಮ್ಮೊಳಗೆ ಆ ಸಂಜೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಹೋದ ಚಳಿಗಾಲದಲ್ಲಿ ಗ್ಲೆನ್ ಹಾರ್ಕ್‌ನೆಸ್ ಎಂಬವನಿಗೆ ಹುಕಿ ಬಂತು. ಇನ್ಶೂರೆನ್ಸ್ ಮಾರುವವನು, ರಿಂಕಿನ ಸಮಿತಿಗೆ ಅಧ್ಯಕ್ಷ, ಮೈಕು ಕಂಡರೆ ಜೊಲ್ಲು ಸುರಿಸುವ ಗಿರಾಕಿ. ರಿಂಕಿನ ಒಳಗೋಡೆಯ ತುಂಬ ಆ ಗೋಲಿನ ಚಿತ್ರ ಬರೆಸುತ್ತೇನೆ, ತೌನೋಗೆ ಸನ್ಮಾನ ಮಾಡುತ್ತೇನೆ ಎಂದು ಹೊರಟ. ಸನ್ಮಾನಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ತೌನೋ ನನ್ನ ಕೌಂಟರಿಗೆ ಬಂದ. ಎಪ್ಪತ್ತು ದಾಟಿದ ಮನುಷ್ಯ, ಬೆನ್ನು ಇನ್ನೂ ನೆಟ್ಟಗೆ.

"ಹಾನ್ಯಾ, ಒಂದು ಕಾಫಿ."

"ಹಾಲು ಹಾಕ್ಲಾ?"

"ಯಾವತ್ತು ಹಾಕಿಸ್ಕೊಂಡಿದೀನಿ?"

"ಗೋಡೆ ಏರೋ ದೊಡ್ಡ ಮನುಷ್ಯ ಆಗ್ಬಿಟ್ಟೆಯಲ್ಲ, ನಾಲಿಗೆ ಬದಲಾಗಿರ್ಬೋದು ಅಂತ ಕೇಳ್ದೆ."

ಅವನು ನಗಲಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದ.

"ಅವತ್ತು ನೀನು ಇಲ್ಲೇ ನಿಂತಿದ್ದೆ ಅಲ್ವಾ?"

"ಇನ್ನೆಲ್ಲಿ ಹೋಗ್ಲಿ?"

"ಏನು ಕಾಣ್ತು ನಿಂಗೆ?"

ಸುಳ್ಳು ಹೇಳಬಹುದಿತ್ತು. ನನ್ನ ಬಾಯಿಗೆ ಆ ಅಭ್ಯಾಸವಿಲ್ಲ. "ನೀನು ಇಲ್ಲದ್ದು ಕಾಣ್ತು, ತೌನೋ," ಅಂದೆ.

ಅವನು ಕಪ್ಪನ್ನು ಕೌಂಟರಿನ ಮೇಲಿಟ್ಟ. "ಬಸ್ಸಿಗೆ ಕಾಯ್ತಿದ್ದೆ, ಹಾನ್ಯಾ. ಆ ಟೋಪಿಯವನು ನೋಡ್ಲಿ ಅಂತ. ಇದೊಂದು ಸಲ ಹಿಂದೆ ಹೋಗ್ದಿದ್ರೆ ಏನಾಗುತ್ತೆ ಅಂದ್ಕೊಂಡೆ. ಒಂದೇ ಸಲ. ಅವನು ಗೇಟಲ್ಲಿ ಕೂತಿದ್ದಷ್ಟು ವರ್ಷಾನೂ ನಾನು ದಿನಾ ಆ ಗೇಟು ದಾಟಿ ಒಳಗೆ ಹೋಗಿದೀನಿ. ದಿನಾ ಕೈ ಎತ್ತಿ ನಗ್ತಿದ್ದ. ಈಗ ಅದನ್ನೇ ಗೋಡೆ ಮೇಲೆ ಬರೀತಾರಂತೆ. ಅದರ ಕೆಳಗೆ ನಿಂತು ನಾನು ಹಾರ ಹಾಕಿಸ್ಕೋಬೇಕಾ?"

"ರೊಸೇರ್‌ಗೆ ಹೇಳು."

"ಹೆಂಗೆ ಹೇಳ್ಲಿ?"

"ಬಾಯಲ್ಲಿ! ಇನ್ನೂ ಎಷ್ಟು ದಿನ ಹೊಟ್ಟೇಲಿ ಇಟ್ಕೊಂಡು ಒದ್ದಾಡ್ತೀಯಾ? ಅವನಾದ್ರೂ ಎಷ್ಟು ದಿನ ಇರ್ತಾನೆ, ನೀನಾದ್ರೂ ಎಷ್ಟು ದಿನ ಇರ್ತೀಯಾ?"

ಅವನು ತಲೆಯಾಡಿಸಿ ಹೋದ. ನಾನು ರೊಸೇರ್‌ಗೆ ಹೇಳು ಅಂದಿದ್ದೆ. ಊರಿಗೆ ಹೇಳು ಅಂದಿರಲಿಲ್ಲ. ಆದರೆ ಅಷ್ಟು ವರ್ಷ ಒಬ್ಬನ ಮುಂದೆ ಬಾಯಿ ಬಿಡಲಾರದವನಿಗೆ ಊರಿನ ಮುಂದೆ ಬಿಡುವುದೇ ಸುಲಭವಾಯಿತೇನೋ.

ಶನಿವಾರ ಮಧ್ಯಾಹ್ನ. ಐಸಿನ ಮೇಲೆ ಕೆಂಪು ಹಾಸು, ಅದರ ಮೇಲೆ ಮೈಕು. ಬೆಂಚುಗಳೆಲ್ಲ ತುಂಬಿ ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು. ಮುಂದಿನ ಸಾಲಿನಲ್ಲಿ ರೊಸೇರ್, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಪಕ್ಕದಲ್ಲಿ ಮಗಳು ಜಿನೆಟ್, ತೊಡೆಯ ಮೇಲೆ ಮೊಮ್ಮಗಳು. ಗ್ಲೆನ್ ಗೋಡೆಯ ಪರದೆ ಎಳೆದ. ಚಿತ್ರದಲ್ಲಿ ತೌನೋ ಕೈಯೆತ್ತಿ ನಗುತ್ತಿದ್ದ. ಹಿಂದೆ ಯಾರೂ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೊಸೇರ್ ಕೂಡ ಎದ್ದು ತಟ್ಟಿದ. ಈ ಸಲ ನಾನು ಕೌಂಟರು ಬಿಟ್ಟು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ನೋಡದಿದ್ದರೇ ಚೆನ್ನಾಗಿತ್ತು.

ತೌನೋ ಮೈಕಿನ ಮುಂದೆ ಬಂದು ನಿಂತ.

"ಈ ಗೋಲಿಗೆ ನೀವು ಚಪ್ಪಾಳೆ ತಟ್ಟಬೇಡಿ," ಅಂದ. "ನಾನು ಅವತ್ತು ನನ್ನ ಜಾಗದಲ್ಲಿ ಇರ್ಲಿಲ್ಲ. ನೀಲಿ ಗೆರೆ ಹತ್ರ ಹೊಡೆಯೋಕೆ ನಿಂತಿದ್ದೋನ ಮುಂದೆ ನಿಲ್ಬೇಕಾಗಿದ್ದೋನು ನಾನು. ನಾನು ನಿಂತಿದ್ರೆ ಆ ಪಕ್ಕು ನನ್ನ ಕಾಲಿಗೆ ಬೀಳ್ತಿತ್ತು. ನಾನು ಬಸ್ಸಿಗೆ ಕಾಯ್ತಾ ನಿಂತಿದ್ದೆ. ಸೋಮಾರಿತನ ಅಲ್ಲ, ದುರಾಸೆ. ರೊಸೇರ್ ಕಣ್ಣು ಹೋಗಿದ್ದು ನನ್ನಿಂದ. ದೊಡ್ಡ ಲೀಗಿನೋರು ನನ್ನನ್ನ ಕರೀಲೂ ಇಲ್ಲ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದಕ್ಕೆ ನಂಗೆ ನಾಚಿಕೆ ಆಗುತ್ತೆ."

ಗ್ಲೆನ್ ಮೈಕು ಕಿತ್ತುಕೊಂಡು "ನೋಡಿ ಸ್ವಾಮೀ, ಗೋಲು ಹೊಡೆದಿದ್ದಕ್ಕೂ ಕ್ಷಮೆ ಕೇಳೋ ಮನುಷ್ಯ ನಮ್ಮೂರಲ್ಲಿ ಬಿಟ್ರೆ ಇನ್ನೆಲ್ಲಿ ಸಿಗ್ತಾನೆ!" ಅಂದ. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ. ಅವರೆಲ್ಲ ರೊಸೇರನ ಕಡೆ ತಿರುಗಿದ್ದರು.

ಆ ನೋಟ ನಾನು ಮರೆಯುವುದಿಲ್ಲ. ಒಂದು ಗಳಿಗೆಯ ಹಿಂದೆ ಆ ಮನುಷ್ಯ ಕಪ್ಪು ಗೆದ್ದುಕೊಟ್ಟ ಗೋಲಿಗೆ ಕಣ್ಣು ಕೊಟ್ಟವನಾಗಿದ್ದ. ಮಾರ್ಚಿ ಬಂತೆಂದರೆ ಯಾರಾದರೊಬ್ಬರು ಅವನಿಗೆ ಬಿಯರ್ ಕುಡಿಸುತ್ತಿದ್ದರು. "ರೊಸೇರ್ ತಡೆದ, ತೌನೋ ಹೊಡೆದ" ಅಂತ ಎರಡು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಈಗ ಅವನನ್ನು ನೋಡುತ್ತಿದ್ದವರ ಮುಖದಲ್ಲಿ ಬರೀ ಅಯ್ಯೋ ಪಾಪ. ಹಿಂದಿನ ಸಾಲಿನ ಹೆಂಗಸೊಬ್ಬಳು ಬಗ್ಗಿ ಅವನ ಹೆಗಲು ಸವರಿದಳು. ಮೊಮ್ಮಗಳು ಅವನ ಮುಖ ನೋಡಿ, ಎಲ್ಲರಿಗೂ ಕೇಳಿಸುವಂತೆ, "ಪೆಪೇ ತಾತಾ, ಹಂಗಾದ್ರೆ ನಿನ್ನ ಕಣ್ಣು ಸುಮ್ಸುಮ್ನೆ ಹೋಯ್ತಾ?" ಅಂದಳು. ಜಿನೆಟ್ ಮಗುವಿನ ಬಾಯಿ ಮುಚ್ಚಿದಳು.

ರೊಸೇರ್ ಎದ್ದು, ಯಾರ ಕಡೆಯೂ ನೋಡದೆ, ನನ್ನ ಕ್ಯಾಂಟೀನಿನೊಳಗೆ ಬಂದ. "ಹಾನ್ಯಾ, ನೀರು," ಅಂದ. ಕೊಟ್ಟೆ. ಕುಡಿಯಲಿಲ್ಲ. ಹಿಂದೆಯೇ ತೌನೋ ಬಂದ, ಕೊರಳಲ್ಲಿ ಸಮಿತಿಯವರು ಹಾಕಿದ ಸನ್ಮಾನದ ಪಟ್ಟಿಯಿನ್ನೂ ನೇತಾಡುತ್ತಿತ್ತು.

"ರೊಸೇರ್, ನಾನು ಮುಂಚೇನೇ ಹೇಳ್ಬೇಕಿತ್ತು. ನಿಂಗೆ ಗೊತ್ತಿರ್ಲಿಲ್ಲ..."

"ಗೊತ್ತಿರ್ಲಿಲ್ವಾ?" ರೊಸೇರ್ ಅವನ ಕಡೆ ಪೂರ್ತಿ ತಿರುಗಿದ. "ಬೀಳೋಕೆ ಮುಂಚೆ ನಾನು ತಿರುಗಿ ನೋಡಿದ್ದೆ ಕಣೋ. ನೀನು ಬರ್ತಾ ಇದೀಯಾ ಅಂತ. ಎರಡೂ ಕಣ್ಣಲ್ಲಿ ನಾನು ಕೊನೇದಾಗಿ ನೋಡಿದ್ದೇ ಅದು. ನಿನ್ನ ಬೆನ್ನು."

ತೌನೋ ಕೊರಳಿನ ಪಟ್ಟಿ ತೆಗೆದ.

"ಆಸ್ಪತ್ರೇಲಿ ಕೇಳಿದೋರಿಗೆಲ್ಲ ಏನು ಹೇಳ್ದೆ ಗೊತ್ತಾ? ನಾವಿಬ್ರೂ ಮೊದ್ಲೇ ಮಾತಾಡ್ಕೊಂಡಿದ್ವಿ ಅಂದೆ. ನಾನು ತಡೀತೀನಿ, ನೀನು ಓಡು ಅಂತ. ನನ್ನ ಹೆಂಡ್ತಿಗೂ ಅದನ್ನೇ ಹೇಳ್ದೆ. ಅದನ್ನ ನಂಬ್ಕೊಂಡೇ ಅವಳು ಸತ್ಲು. ಮಕ್ಕಳಿಗೂ ಅದನ್ನೇ ಹೇಳ್ಕೊಟ್ಟೆ. ಹೇಳಿ ಹೇಳಿ ಕೊನೆಗೆ ನಾನೂ ಅರ್ಧ ನಂಬಿಬಿಟ್ಟಿದ್ದೆ. ಗೇಟಲ್ಲಿ ಕೂತು ಚಳೀಲಿ ನಡುಗ್ತಿದ್ದಾಗ ಅದೇ ನಂಗೆ ಕಂಬಳಿ. ನನ್ನ ಕಣ್ಣು ಕಪ್ಪಿಗೆ ಹೋಯ್ತು, ಊರಿಗೆ ಹೋಯ್ತು ಅಂತ."

"ನಾನು ನಿಂಗೋಸ್ಕರ..."

"ನಂಗೋಸ್ಕರಾನಾ?" ಅವನ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. "ನಿನ್ನ ಎದೆ ಹಗುರ ಆಯ್ತು. ನಾನು ಈಗ ಏನಾದೆ? ಯಾರೋ ಬಸ್ಸಿಗೆ ಕಾಯ್ತಿದ್ದ ಅಂತ ಕಣ್ಣು ಕಳ್ಕೊಂಡ ಪೆದ್ದ. ಅಷ್ಟು ವರ್ಷ ನಿನ್ನ ಜಾಗ ನಾನು ಕಾದೆ, ತೌನೋ. ಇವತ್ತು ಮತ್ತೆ ನನ್ನೊಬ್ಬನ್ನೇ ಹಿಂದೆ ಬಿಟ್ಟು ನೀನು ಮುಂದೆ ಹೋದೆ."

ನೀರಿನ ಲೋಟ ಕೌಂಟರಿನ ಮೇಲಿಟ್ಟು ಅವನು ಹೊರಗೆ ಹೋದ. ಬಾಗಿಲಲ್ಲಿ ಇಬ್ಬರು ಹುಡುಗರು ಅವನಿಗೆ ದಾರಿ ಬಿಟ್ಟುಕೊಟ್ಟರು, ರೋಗಿಗೆ ಬಿಡುವ ಹಾಗೆ. ತೌನೋ ನನ್ನ ಮುಖ ನೋಡಿದ. ಅವನಿಗೆ ಹೇಳು ಅಂತ ಬುದ್ಧಿ ಹೇಳಿದವಳು ನಾನೇ ತಾನೇ? ಇವರಿಬ್ಬರಲ್ಲಿ ಯಾರು ಯಾರನ್ನು ಕಾಯುತ್ತಿದ್ದರು ಎಂಬುದೂ ನನ್ನ ಕಿಟಕಿಯಿಂದ ಕಂಡಿರಲಿಲ್ಲ.

"ಹೋಗೋ," ಅಂದೆ ಕೊನೆಗೆ. "ಅವ್ನು ಇನ್ನೂ ಕಾರು ಹತ್ತಿರಲ್ಲ, ಹೋಗು."

ಅವನು ಕೋಟು ಕೂಡ ಹಾಕಿಕೊಳ್ಳದೆ ಓಡಿದ. ಎಪ್ಪತ್ತು ದಾಟಿದ ಕಾಲು ಹೆಪ್ಪುಗಟ್ಟಿದ ನೆಲದ ಮೇಲೆ ಎಷ್ಟು ಓಡೀತು? ನಾನು ಬಾಗಿಲಿಗೆ ಬರುವಷ್ಟರಲ್ಲಿ ಜಿನೆಟ್‌ಳ ಕಾರು ರಸ್ತೆಗೆ ಇಳಿದಿತ್ತು. ತೌನೋ ಕಾರು ನಿಲ್ಲಿಸುವ ಬಯಲಿನ ನಡುವೆ ನಿಂತಿದ್ದ. ಒಳಗಿನಿಂದ ಬಂದವರೊಬ್ಬರು ಅವನ ಬೆನ್ನು ತಟ್ಟಿ, "ಎಷ್ಟು ದೊಡ್ಡ ಮನಸ್ಸು ಸಾರ್ ನಿಮ್ದು, ಎಲ್ಲರ ಎದುರು ಒಪ್ಕೊಳ್ಳೋಕೆ ಗಂಡೆದೆ ಬೇಕು," ಅಂದರು. ಇನ್ನೊಬ್ಬಳು ಫೋಟೋಗೆಂದು ಮಗುವನ್ನು ತಂದು ಅವನ ಪಕ್ಕ ನಿಲ್ಲಿಸಿದಳು. ಅವನು ತಲೆಯೆತ್ತಲಿಲ್ಲ. ಗ್ಲೆನ್ ಬಾಗಿಲಿನಿಂದ ಅವನ ಹೆಸರು ಹಿಡಿದು ಕೂಗುತ್ತಿದ್ದ. ಒಳಗೆ ಕೇಕ್ ಕತ್ತರಿಸಲು ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು.